ಹಳೇ ಜೀಪಿಗೆ ಹಗುರ ಟ್ರೈಲರ್: ನಿಲ್ಲಿಸುವಷ್ಟೇ ಎಳೆಯಿರಿ

ನಮ್ಮ ಸೂಲಿಬೆಲೆ ಸುತ್ತಮುತ್ತ ಎತ್ತಿನ ಗಾಡಿಗಳು ಬಹಳ ಕಡಿಮೆಯಾದವು. ಒಂದು ಜೊತೆ ಎತ್ತು ಸಾಕೋದು ಈಗ ಸುಲಭವಲ್ಲ. ಟ್ರ್ಯಾಕ್ಟರ್ ಎಲ್ಲರ ಕೈಗೂ ಎಟುಕೋದಿಲ್ಲ. ಎರಡು ಮೂರು ಎಕರೆ ಬೆದ್ದಲು ಇರೋನಿಗೆ ಸಾಗಿಸೋಕೆ ಇರೋದಾದರೂ ಎಷ್ಟು? ಒಂದಷ್ಟು ಮೂಟೆ ರಾಗಿ, ಎರಡು ಮೂರು ಮೂಟೆ ಹುರುಳಿ, ಕಾಲ ಬಂದಾಗ ಅವರೆಕಾಯಿ, ಹಿಪ್ಪುನೇರಳೆ ಇದ್ದೋರಿಗೆ ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಒಯ್ಯುವ ಗೂಡು. ಇಷ್ಟಕ್ಕೆ ಪ್ರತಿ ಸಲವೂ ಗೂಡ್ಸ್ ಆಟೋ ಬಾಡಿಗೆ ಕೊಟ್ಟರೆ ಮಾಲಿನ ಲಾಭ ದಾರಿಯಲ್ಲೇ ಕರಗುತ್ತೆ.

ಹಾಗಾಗಿ ಮನೆ ಮುಂದೆ ಹಳೇ ಜೀಪೋ, ಅಂಬಾಸಿಡರ್ರೋ, ಫಿಯಟ್ಟೋ ಇದ್ದೋರು ಅದರ ಹಿಂದೆ ಎರಡು ಗಾಲಿಯ ಸಣ್ಣ ಟ್ರೈಲರ್ ಕಟ್ಟಿಸುವ ಯೋಚನೆ ಮಾಡ್ತಾರೆ. ಯೋಚನೆ ಕೆಟ್ಟದ್ದೇನಲ್ಲ. ಆದರೆ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಮ್ಮ ಎಂಜಿನ್ ಎಷ್ಟು ಎಳೆಯುತ್ತೆ?" ಈ ಪ್ರಶ್ನೆಯನ್ನು ತಿರುಗಿಸಿ ಹಾಕಬೇಕು. "ನಮ್ಮ ಬ್ರೇಕು ಎಷ್ಟನ್ನು ನಿಲ್ಲಿಸುತ್ತೆ?" ಹಳೇ ಎಂಜಿನ್ನು ಮೊದಲನೇ ಗೇರಿನಲ್ಲಿ ಎಷ್ಟನ್ನಾದರೂ ಕದಲಿಸೀತು. ಆ ಭಾರ ಕೆರೆ ಏರಿಯ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳೋಕೆ ಶುರು ಮಾಡಿದಾಗ ಎಂಜಿನ್ನಿನ ಬಲ ಪ್ರಯೋಜನಕ್ಕೆ ಬರೋದಿಲ್ಲ. ಮುಂದೆ ಬರೆದಿರೋದೆಲ್ಲ ಈ ಒಂದು ಮಾತಿನ ವಿವರಣೆ.

ಜೀಪಿನ ಜೊತೆಗೇ ಹುಟ್ಟಿದ ಟ್ರೈಲರ್

ಜೀಪಿಗೆ ಟ್ರೈಲರ್ ಕಟ್ಟೋದು ನಾವು ಕಂಡುಹಿಡಿದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ, 1941ರಿಂದ 1945ರವರೆಗೆ, ಅಮೆರಿಕದವರು ವಿಲ್ಲೀಸ್ ಜೀಪು ತಯಾರು ಮಾಡಿದಾಗ ಅದಕ್ಕೆಂದೇ 'ಕಾಲು ಟನ್ನಿನ' ಟ್ರೈಲರನ್ನೂ ಮಾಡಿದರು. ಎರಡು ಗಾಲಿ, ಕಬ್ಬಿಣದ ತೊಟ್ಟಿ, ಮುಂದೆ ಒಂದು ಬಳೆ. ಜೀಪಿನ ಹಿಂದಿನ ಕೊಕ್ಕೆಗೆ ಆ ಬಳೆ ಕೂರುತ್ತೆ. ನಮ್ಮ ದೇಶದಲ್ಲಿ ಮಹೀಂದ್ರದವರು 1947ರಿಂದ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದರು. ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಓಡುವ ಹಳೇ ಮಹೀಂದ್ರ ಜೀಪುಗಳು ಆ ವಂಶದವೇ.

ಆ ಟ್ರೈಲರಿಗೆ ಮಾಡಿದವರೇ ಒಂದು ಮಿತಿ ಹಾಕಿದ್ದರು. ಹೇರು 500 ಪೌಂಡ್, ಅಂದರೆ ಸುಮಾರು 227 ಕಿಲೋ. ಖಾಲಿ ಟ್ರೈಲರಿನ ತೂಕ ಸುಮಾರು 250 ಕಿಲೋ. ಎರಡೂ ಸೇರಿ 480 ಕಿಲೋ ಒಳಗೆ. ಎಳೆಯುವ ಜೀಪು ಸುಮಾರು 1,100 ಕಿಲೋ. ಅಂದರೆ ಹೊಸ ಜೀಪು, ಹೊಸ ಬ್ರೇಕು, ಸೈನ್ಯದ ಡ್ರೈವರ್ ಇದ್ದಾಗಲೇ ಹಿಂದಿನ ಭಾರ ಜೀಪಿನ ಅರ್ಧಕ್ಕಿಂತ ಕಡಿಮೆ ಇತ್ತು. ನಮ್ಮವರು ತೊಟ್ಟಿಯಲ್ಲಿ ಹಿಡಿಸಿದಷ್ಟು ತುಂಬಿ, ಅದರ ಮೇಲೆ ಎರಡು ಮೂಟೆ ಎಸೆದು ಹಗ್ಗ ಬಿಗೀತಾರೆ. ತೊಟ್ಟಿಯ ಅಳತೆ ಬೇರೆ, ಬ್ರೇಕಿನ ಅಳತೆ ಬೇರೆ.

ಎಷ್ಟು ಭಾರ?

ಬ್ರೇಕು ಇಲ್ಲದ ಟ್ರೈಲರಿಗೆ ಯುರೋಪಿನ ದೇಶಗಳಲ್ಲಿ ಒಂದು ಲೆಕ್ಕ ಇದೆ. ಟ್ರೈಲರ್ ಮತ್ತು ಹೇರು ಸೇರಿ ಎಳೆಯುವ ವಾಹನದ ಖಾಲಿ ತೂಕದ ಅರ್ಧ ಮೀರಬಾರದು, ಹೇಗಿದ್ದರೂ 750 ಕಿಲೋ ದಾಟಬಾರದು. ಅದು ಈಗಿನ ಕಾಲದ ಡಿಸ್ಕ್ ಬ್ರೇಕಿನ ಕಾರುಗಳಿಗೂ ಅನ್ವಯಿಸುವ ಮಿತಿ. ನಲವತ್ತು ಐವತ್ತು ವರ್ಷದ ಡ್ರಮ್ ಬ್ರೇಕಿನ ವಾಹನಕ್ಕೆ ಮೂರರಲ್ಲಿ ಒಂದು ಪಾಲು ಸಾಕು ಅಂತ ನನ್ನ ಲೆಕ್ಕ.

ಫಿಯಟ್, ಅಂದರೆ ಪ್ರೀಮಿಯರ್ ಪದ್ಮಿನಿ, ಸುಮಾರು 900 ಕಿಲೋ ಇದೆ. ಅದಕ್ಕೆ 300 ಕಿಲೋ. ಅಂಬಾಸಿಡರ್, ಹಳೇ ಜೀಪು ಸುಮಾರು 1,100 ಕಿಲೋ. ಅವಕ್ಕೆ 350 ಕಿಲೋ ಆಸುಪಾಸು. ಇದರಲ್ಲಿ ಖಾಲಿ ಟ್ರೈಲರಿನ ತೂಕವೂ ಸೇರಿದೆ, ನೆನಪಿಡಿ. ದಪ್ಪ ಕಬ್ಬಿಣದ ಚಾನೆಲ್ ಹಾಕಿ 250 ಕಿಲೋ ಟ್ರೈಲರ್ ಕಟ್ಟಿಸಿದರೆ ಹೇರೋಕೆ ಉಳಿಯೋದು ಎರಡು ಮೂಟೆ. 150 ಕಿಲೋಗೆ ಕಟ್ಟಿಸಿದರೆ ನಾಲ್ಕು ಮೂಟೆ ಹೋಗುತ್ತೆ (50 ಕಿಲೋ ಮೂಟೆ ಲೆಕ್ಕ). ಆದ್ದರಿಂದ ಟ್ರೈಲರ್ 'ಗಟ್ಟಿಮುಟ್ಟಾಗಿರಲಿ' ಅಂತ ಕಬ್ಬಿಣ ತುಂಬಿಸಬೇಡಿ. ಅಚ್ಚು, ಮೂಕಿ, ಕೊಕ್ಕೆ ಗಟ್ಟಿ ಇರಲಿ. ತೊಟ್ಟಿ ಹಗುರ ಇರಲಿ.

ಕಟ್ಟಿಸಿದ ಮೇಲೆ ಒಂದು ಸಲ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಖಾಲಿ ತೂಕ ನೋಡಿ, ತೊಟ್ಟಿಯ ಒಳಗಡೆ ಬಣ್ಣದಲ್ಲಿ ಬರೆಸಿಡಿ. ನೀವಿಲ್ಲದಾಗ ಹೇರುವ ಮಗನಿಗೂ ಅಳಿಯನಿಗೂ ಲೆಕ್ಕ ಗೊತ್ತಾಗಲಿ.

ನಾಲ್ಕು ಮೂಟೆಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಎರಡು ಸಲ ಹೋಗಿ ಬಂದರೆ ಎಂಟು ಮೂಟೆ ಆಯಿತು. ಅದಕ್ಕಿಂತ ಹೆಚ್ಚು ಮಾಲು ಇದ್ದ ದಿನ ಬಾಡಿಗೆ ಗಾಡಿ ಹಿಡಿಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಹೆಜ್ಜೆ ಅಳತೆಯ ಪರೀಕ್ಷೆ

ನಿಮ್ಮ ಬ್ರೇಕಿನ ತಾಕತ್ತು ತಿಳಿಯೋಕೆ ಯಾವ ಮೆಷೀನೂ ಬೇಡ. ಜನ, ದನ ಇಲ್ಲದ ಗಟ್ಟಿ ಬಯಲು ಅಥವಾ ಓಡಾಟವಿಲ್ಲದ ಮಟ್ಟಸ ರಸ್ತೆ ಹುಡುಕಿ. ಒಂದು ಕಡೆ ಗೂಟ ನೆಡಿ. ಮೊದಲು ಟ್ರೈಲರ್ ಇಲ್ಲದೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು, ಗೂಟದ ಹತ್ತಿರ ಬ್ರೇಕ್ ಒತ್ತಿ. ಗಾಲಿ ಜಾರದ ಹಾಗೆ ಒತ್ತಬೇಕು. ನಿಂತ ಜಾಗದವರೆಗೆ ಹೆಜ್ಜೆ ಎಣಿಸಿ. ಆಮೇಲೆ ಖಾಲಿ ಟ್ರೈಲರ್ ಕಟ್ಟಿ ಹಾಗೇ ಮಾಡಿ. ಆಮೇಲೆ ಅರ್ಧ ಹೇರು, ಕೊನೆಗೆ ಪೂರ್ತಿ ಹೇರು.

1,100 ಕಿಲೋ ಜೀಪಿಗೆ 350 ಕಿಲೋ ಸೇರಿದರೆ ಒಟ್ಟು 1,450. ನಿಲ್ಲಿಸುವ ಬ್ರೇಕು ಮಾತ್ರ ಅವೇ ನಾಲ್ಕು. ಮೊದಲು 20 ಹೆಜ್ಜೆಗೆ ನಿಲ್ಲುತ್ತಿದ್ದದ್ದು ಈಗ 26ರಿಂದ 27 ಹೆಜ್ಜೆಗೆ ನಿಂತರೆ ಲೆಕ್ಕ ಸರಿ. 35 ಹೆಜ್ಜೆ ಆದರೆ ಬ್ರೇಕಿನಲ್ಲಿ ದೋಷ ಇದೆ, ಹೇರು ಇಳಿಸಿ, ಮೆಕ್ಯಾನಿಕ್ ಹತ್ತಿರ ಹೋಗಿ. ಯಾವುದಾದರೂ ಒಂದು ಪಕ್ಕಕ್ಕೆ ಎಳೆದರೂ ಅಷ್ಟೇ. ವೇಗ ಹೆಚ್ಚಾದ ಹಾಗೆ ದೂರ ಇನ್ನೂ ಜೋರಾಗಿ ಬೆಳೆಯುತ್ತೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟು. ಅದಕ್ಕೇ ಟ್ರೈಲರ್ ಕಟ್ಟಿದಾಗ 40 ಕಿಲೋಮೀಟರ್ ದಾಟಬೇಡಿ ಅನ್ನೋದು.

ಮೂಕಿಭಾರ

ಎತ್ತಿನ ಗಾಡಿ ಹೇರಿದ ಅನುಭವ ಇರುವವರಿಗೆ ಟ್ರೈಲರಿನ ಅರ್ಧ ವಿದ್ಯೆ ಆಗಲೇ ಗೊತ್ತು. ಗಾಡಿ ಮುಂಭಾರವಾದರೆ ಎತ್ತಿನ ಹೆಗಲು ಬಾತುಕೊಳ್ಳುತ್ತೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಹಗ್ಗ ಎತ್ತಿನ ಕೊರಳಿಗೆ ಬಿಗಿಯುತ್ತೆ. ಹಿರಿಯರು ಹೇರಿ ಮುಗಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, 'ಒಂದು ಮೂಟೆ ಹಿಂದಕ್ಕೆ ಹಾಕು' ಅನ್ನುತ್ತಿದ್ದರು. ಟ್ರೈಲರಿಗೂ ಅದೇ ನ್ಯಾಯ. ಎತ್ತು ತನ್ನ ನೋವನ್ನು ತೋರಿಸುತ್ತೆ, ಜೀಪು ತೋರಿಸೋದಿಲ್ಲ, ಅಷ್ಟೇ ವ್ಯತ್ಯಾಸ.

ಒಟ್ಟು ಭಾರದ ನೂರಕ್ಕೆ 8ರಿಂದ 10 ಪಾಲು ಕೊಕ್ಕೆಯ ಮೇಲೆ ಕೂರಬೇಕು. ಟ್ರೈಲರ್, ಹೇರು ಸೇರಿ 350 ಕಿಲೋ ಇದ್ದರೆ ಮೂಕಿಭಾರ 28ರಿಂದ 35 ಕಿಲೋ. ಇದನ್ನು ಅಳೆಯೋದು ಸುಲಭ. ಮಟ್ಟಸ ನೆಲದಲ್ಲಿ ಟ್ರೈಲರ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೂಟೆ ತೂಗುವ ತಕ್ಕಡಿ ಯಂತ್ರದ ಮೇಲೆ ಇಟ್ಟಿಗೆ ಜೋಡಿಸಿ, ಕೊಕ್ಕೆ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರಕ್ಕೆ ಮೂಕಿಯ ತುದಿಯನ್ನು ಅದರ ಮೇಲಿಡಿ. ಇಟ್ಟಿಗೆಯ ತೂಕ ಕಳೆದರೆ ಉಳಿದದ್ದು ಮೂಕಿಭಾರ.

ಒಂದು ಮೂಟೆಯ ಜಾಗ ಎಷ್ಟು ವ್ಯತ್ಯಾಸ ಮಾಡುತ್ತೆ ನೋಡಿ. ಅಚ್ಚಿನಿಂದ ಕೊಕ್ಕೆಗೆ 2 ಮೀಟರ್ ಇದೆ ಅಂದುಕೊಳ್ಳಿ. 50 ಕಿಲೋ ಮೂಟೆಯನ್ನು ಅಚ್ಚಿನ ಮುಂದಿನಿಂದ ಹಿಂದಕ್ಕೆ 1 ಮೀಟರ್ ಸರಿಸಿದರೆ ಮೂಕಿಭಾರ 25 ಕಿಲೋ ಇಳಿಯುತ್ತೆ. ಮೊದಲು 35 ಇದ್ದದ್ದು 10ಕ್ಕೆ ಬಂತು. ಇನ್ನೊಂದು ಮೂಟೆಯೂ ಹಾಗೇ ಹಿಂದೆ ಸರಿದರೆ ಮೂಕಿ ಕೊಕ್ಕೆಯನ್ನು ಮೇಲಕ್ಕೆತ್ತೋಕೆ ಶುರು. ದಾರಿಯ ಹಳ್ಳ ದಿಣ್ಣೆಗೆ ಮೂಟೆ ತಾನಾಗಿಯೇ ಸರಿಯುತ್ತೆ. ಆದ್ದರಿಂದ ಮೂಟೆಗಳನ್ನು ಮುಂದೆ, ಹಿಂದೆ, ಪಕ್ಕ, ಎಲ್ಲ ಕಡೆಯಿಂದ ಬಿಗಿಯಬೇಕು.

ಹಿಂಭಾರದ ಟ್ರೈಲರ್ ವೇಗದಲ್ಲಿ ಹಾವಿನ ಹಾಗೆ ಬಾಲ ಆಡಿಸುತ್ತೆ. ಮೊದಲು ಸಣ್ಣಗೆ, ಆಮೇಲೆ ಒಂದೊಂದು ಓಲಾಟಕ್ಕೂ ದೊಡ್ಡದಾಗಿ, ಕೊನೆಗೆ ಜೀಪನ್ನೂ ಎಳೆದುಕೊಂಡು ರಸ್ತೆ ಬಿಡುತ್ತೆ. ಮುಂಭಾರ ಅತಿಯಾದರೆ ಜೀಪಿನ ಹಿಂದಿನ ಪಟ್ಟಿ ಕುಸಿದು, ಮುಂದಿನ ಗಾಲಿ ಹಗುರವಾಗಿ, ಸ್ಟೇರಿಂಗ್ ಹಿಡಿತ ತಪ್ಪುತ್ತೆ. ರಾತ್ರಿ ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಹೇರಿದ ಮೇಲೆ ದೂರ ನಿಂತು ಪಕ್ಕದಿಂದ ನೋಡಿ. ಟ್ರೈಲರಿನ ಮೂಕಿ ನೆಲಕ್ಕೆ ಸಮನಾಗಿ ಇರಬೇಕು.

ಕೊಕ್ಕೆ ಎಲ್ಲಿ ಕೂರಬೇಕು

ಬಂಪರಿಗೆ ಕೊಕ್ಕೆ ಬೆಸುಗೆ ಹಾಕಿಸಿದ್ದನ್ನು ಅಲ್ಲಲ್ಲಿ ನೋಡಿದ್ದೇನೆ. ಬಂಪರ್ ಇರೋದು ತಗಲುವ ಪೆಟ್ಟು ತಡೆಯೋಕೆ. ಎಳೆತ ತಡೆಯೋಕೆ ಅಲ್ಲ.

ಜೀಪಿಗೆ ಏಣಿಯಂಥ ಚಾಸಿ ಪ್ರತ್ಯೇಕವಾಗಿ ಇರುತ್ತೆ. ಅದರ ಹಿಂದಿನ ಅಡ್ಡಪಟ್ಟಿಗೆ ದಪ್ಪ ತಗಡು ಕೊಟ್ಟು, ಒಳ್ಳೆ ಹೈಟೆನ್ಷನ್ ಬೋಲ್ಟಿನಿಂದ ಕೊಕ್ಕೆ ಕೂರಿಸಬೇಕು. ಅಂಬಾಸಿಡರ್, ಫಿಯಟ್ ಕಥೆ ಬೇರೆ. ಅವುಗಳಲ್ಲಿ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತೆ. ಒಂದೇ ಕಡೆ ಕೊಕ್ಕೆ ಹಾಕಿದರೆ ಆ ತಗಡು ಹರಿಯುತ್ತೆ. ಹಿಂದಿನ ಎರಡೂ ಉದ್ದದ ಬಾಡಿಪಟ್ಟಿಗಳನ್ನು ಹಿಡಿಯುವ ಅಡ್ಡ ಚೌಕಟ್ಟು ಮಾಡಿಸಿ, ಅದರ ನಡುವೆ ಕೊಕ್ಕೆ ಇರಬೇಕು. ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ತಗಡು ಚುಚ್ಚಿ ನೋಡಿ. ತುಕ್ಕು ಉದುರಿ ತೂತು ಬಿದ್ದರೆ ಆ ಕಾರಿಗೆ ಟ್ರೈಲರಿನ ಮಾತೇ ಬೇಡ.

ಕೊಕ್ಕೆಗೆ ಪಿನ್ನು, ಪಿನ್ನಿಗೆ ಲಾಕು. ಎತ್ತಿನ ಗಾಡಿಯ ಗಾಲಿಗೆ ಕಡಾಣಿ ಹೇಗೋ ಇದೂ ಹಾಗೆ. ತಂತಿ ಸುತ್ತಿದರೆ ನಡೆಯೋದಿಲ್ಲ. ಟ್ರ್ಯಾಕ್ಟರಿನ ಕೊಕ್ಕೆಯ ಹಾಗೆ ತೂತು ದೊಡ್ಡದು, ಪಿನ್ನು ಸಣ್ಣದು ಇದ್ದರೆ ಪ್ರತಿ ಬ್ರೇಕಿಗೂ ಟ್ರೈಲರ್ ಹಿಂದಿನಿಂದ ಗುದ್ದಿ, ದಿನಕಳೆದಂತೆ ಬೋಲ್ಟು ಸಡಿಲವಾಗುತ್ತೆ.

ಕೊಕ್ಕೆ ತಪ್ಪಿದರೆ ಏನು ಗತಿ ಅನ್ನೋದಕ್ಕೆ ಎರಡು ಸರಪಳಿ ಇರಬೇಕು. ಮೂಕಿಯ ಎಡದ ಸರಪಳಿ ಜೀಪಿನ ಬಲಕ್ಕೆ, ಬಲದ್ದು ಎಡಕ್ಕೆ, ಕತ್ತರಿಯಾಕಾರದಲ್ಲಿ ಮೂಕಿಯ ಕೆಳಗೆ ಹಾದು ಹೋಗಬೇಕು. ಕೊಕ್ಕೆ ಬಿಟ್ಟರೆ ಮೂಕಿ ನೆಲಕ್ಕೆ ಕುಕ್ಕದೆ ಸರಪಳಿಯ ಮೇಲೆ, ತೊಟ್ಟಿಲಲ್ಲಿ ಬಿದ್ದ ಹಾಗೆ, ಕೂರುತ್ತೆ. ಸರಪಳಿಯನ್ನು ಕೊಕ್ಕೆಗೇ ಸಿಕ್ಕಿಸಬೇಡಿ. ಕೊಕ್ಕೆಯೇ ಕಿತ್ತು ಬಂದರೆ ಸರಪಳಿಯೂ ಜೊತೆಗೆ ಬರುತ್ತೆ. ಚಾಸಿಗೆ ಬೇರೆ ಬಳೆ ಹಾಕಿಸಿ. ತಿರುವಿನಲ್ಲಿ ಬಿಗಿಯಾಗಬಾರದು, ನೆಲಕ್ಕೆ ಉಜ್ಜಬಾರದು, ಅಷ್ಟು ಉದ್ದ ಸಾಕು.

ಹಳೇ ಬ್ರೇಕಿನ ಗುಣ

ಹಳೇ ಜೀಪು, ಹಳೇ ಅಂಬಾಸಿಡರ್ ಇವುಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಬ್ರೇಕ್ ಎಣ್ಣೆಯ ಪೈಪು ಒಂದೇ ಸಾಲು. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕು ಗಾಲಿಯ ಬ್ರೇಕೂ ಒಟ್ಟಿಗೆ ಹೋಗುತ್ತೆ. ಈಗಿನ ಕಾರುಗಳಲ್ಲಿ ಎರಡು ಸಾಲು ಇರೋದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತೆ. ನಮ್ಮ ಹಳೇ ವಾಹನಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಟ್ರೈಲರ್ ಕಟ್ಟುವ ಮೊದಲು ಮೂರೂ ಹೋಸು, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ರಬ್ಬರು ಹೊಸದಾಗಲಿ.

ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತೆ. ಡಾಟ್ 3 ಅನ್ನುವ ಎಣ್ಣೆ ಹೊಸದಿದ್ದಾಗ 205 ಡಿಗ್ರಿ ಶಾಖದವರೆಗೂ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಉದ್ದನೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು, ಎಣ್ಣೆ ಕುದಿದು ಗುಳ್ಳೆ ಏಳುತ್ತೆ. ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತೆ, ವಾಹನ ನಿಲ್ಲೋದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆ ಪೂರ್ತಿ ಬದಲಿಸಿ. ಖರ್ಚು ಅರ್ಧ ಮೂಟೆ ರಾಗಿಯ ಬೆಲೆಯೂ ಆಗದು.

ಕೆರೆ ಕೋಡಿಯ ನೀರಿನಲ್ಲೋ, ಮಳೆ ಹಳ್ಳದಲ್ಲೋ ಹಾದು ಬಂದರೆ ಡ್ರಮ್ ಒಳಗೆ ನೀರು ಸೇರಿ ಬ್ರೇಕ್ ಹಿಡಿಯೋದಿಲ್ಲ. ನೀರು ದಾಟಿದ ಕೂಡಲೇ ನಿಧಾನವಾಗಿ ಹೋಗ್ತಾ ಪೆಡಲನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಿಕೊಳ್ಳಿ.

ಹಳೇ ವಿಲ್ಲೀಸ್ ಮಾದರಿಯ ಜೀಪಿನ ಕೈಬ್ರೇಕು ಗಾಲಿಯನ್ನು ಹಿಡಿಯೋದಿಲ್ಲ, ಗೇರ್‌ಬಾಕ್ಸ್ ಹಿಂದಿನ ಶಾಫ್ಟನ್ನು ಹಿಡಿಯುತ್ತೆ. ಅದು ನಿಂತ ಜೀಪಿಗೆ ಮಾತ್ರ. ಹೇರು ತುಂಬಿದ ಟ್ರೈಲರ್ ಕಟ್ಟಿ ಇಳಿಜಾರಿನಲ್ಲಿ ಅದನ್ನೇ ನಂಬಿ ಇಳಿದು ಹೋಗಬೇಡಿ. ಜೀಪಿನ ಗಾಲಿಗೂ ಟ್ರೈಲರಿನ ಗಾಲಿಗೂ ಮರದ ತುಂಡು ಕೊಡಿ. ತುಂಡುಗಳು ತೊಟ್ಟಿಯಲ್ಲೇ ಇರಲಿ.

ಇಳಿಜಾರಿನಲ್ಲಿ

ಹೆಚ್ಚು ಅಪಾಯ ಇರೋದು ಇಲ್ಲೇ. ಪೆಟ್ರೋಲ್ ಉಳಿಸೋಕೆ ಇಳುಕಲಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವ ಅಭ್ಯಾಸ ನಮ್ಮವರಿಗೆ ಬಹಳ. ಟ್ರೈಲರ್ ಕಟ್ಟಿದಾಗ ಅದು ಪ್ರಾಣಕ್ಕೆ ಎರವು. ಗೇರಿನಲ್ಲಿದ್ದರೆ ಎಂಜಿನ್ನೇ ಅರ್ಧ ಬ್ರೇಕು. ಏರೋಕೆ ಯಾವ ಗೇರು ಬೇಕಾಗುತ್ತೋ ಇಳಿಯೋಕೂ ಅದೇ ಗೇರು. ಹಳೇ ಜೀಪು, ಅಂಬಾಸಿಡರ್ ಇವುಗಳಲ್ಲಿ ಓಡುವಾಗ ಮೊದಲನೇ ಗೇರು ಕಿರ್ ಅಂತ ಕಚ್ಚಿ ಸುಲಭವಾಗಿ ಬೀಳೋದಿಲ್ಲ. ಹಾಗಾಗಿ ಇಳಿಜಾರಿನ ನೆತ್ತಿಯಲ್ಲಿ, ಇಳಿಯೋಕೆ ಮುಂಚೆಯೇ ಗೇರ್ ಬದಲಿಸಿ. ನಡುವೆ ಪರದಾಡಬೇಡಿ.

ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಬ್ರೇಕಿಲ್ಲದ ಟ್ರೈಲರ್ ಜೀಪಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತೆ. ಎರಡೂ ಮಡಚುವ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ಬ್ರೇಕ್ ಹಾಕೋದೇನಿದ್ದರೂ ತಿರುವಿಗೆ ಮುಂಚೆ, ನೆಟ್ಟಗೆ ಇರುವಾಗ.

ಟ್ರೈಲರ್ ಬಾಲ ಆಡಿಸೋಕೆ ಶುರು ಮಾಡಿದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಜೋರಾಗಿ ಓಡಿಸಿ ನೆಟ್ಟಗೆ ಮಾಡ್ತೀನಿ ಅಂತಲೂ ಹೋಗಬೇಡಿ. ಎಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ತಾನಾಗಿ ವೇಗ ಇಳಿಯಲಿ. ನಿಂತ ಮೇಲೆ ಹೇರನ್ನು ಮುಂದಕ್ಕೆ ಸರಿಸದೆ ಮತ್ತೆ ಹೊರಡಬೇಡಿ.

ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ ದಾರಿಯಲ್ಲಿ ಈಗ ದೊಡ್ಡ ಲಾರಿ, ಟಿಪ್ಪರುಗಳ ಓಡಾಟ. ಅವು ಪಕ್ಕದಲ್ಲಿ ಹಾದು ಹೋಗುವಾಗ ಗಾಳಿಯ ಹೊಡೆತಕ್ಕೆ ಹಗುರ ಟ್ರೈಲರ್ ಅಲ್ಲಾಡುತ್ತೆ. ಎಡಕ್ಕೆ ಇರಿ, ಮುಂದಿನ ವಾಹನಕ್ಕೆ ಎರಡರಷ್ಟು ಅಂತರ ಬಿಡಿ. ಹೊಸಕೋಟೆಯಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ ಅತಿವೇಗದ ವಾಹನಗಳಿಗೆ ಮಾಡಿದ್ದು. 40ರಲ್ಲಿ ಹೋಗುವ ನಮಗೆ ಹಳೇ ರಸ್ತೆಯೇ ಸರಿ.

ಹಿಂದಕ್ಕೆ ಹೋಗುವಾಗ ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಮೆಲ್ಲಗೆ. ಹಿಂದೆ ಒಬ್ಬರು ನಿಂತು ದಾರಿ ತೋರಿಸಲಿ, ಅವರು ನಿಮ್ಮ ಕನ್ನಡಿಯಲ್ಲಿ ಕಾಣದಿದ್ದರೆ ಕೂಡಲೇ ನಿಲ್ಲಿಸಿ. ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಯಾವ ಮಾಲಿಗೆ ಯಾವ ಎಚ್ಚರ

ರಾಗಿ, ಹುರುಳಿ ಮೂಟೆ: ತಳದಲ್ಲಿ, ಅಚ್ಚಿನ ಮೇಲೆ ಮತ್ತು ಸ್ವಲ್ಪ ಮುಂದಕ್ಕೆ. ಒಂದೇ ವರಸೆ ಸಾಕು.

ಹುಲ್ಲು: ತೂಕ ಕಡಿಮೆ, ಎತ್ತರ ಹೆಚ್ಚು. ಗಾಳಿಗೂ ತಿರುವಿಗೂ ಮಗುಚುತ್ತೆ. ತೊಟ್ಟಿಯ ಅಗಲಕ್ಕಿಂತ ಎತ್ತರ ಹೆಚ್ಚಾಗದಿರಲಿ, ಹಿಂದಿನ ದೀಪ ಮುಚ್ಚದಿರಲಿ.

ನೀಲಗಿರಿ ಗಳ, ಪೈಪು: ಉದ್ದವಾದ್ದು ಹಿಂದಕ್ಕೆ ಚಾಚಿ ಹಿಂಭಾರ ಮಾಡುತ್ತೆ. ಜೊತೆಗೆ ಹಿಂದೆ ಬರುವ ಬೈಕಿನವನ ಎದೆಗೆ ನೆಟ್ಟಗೆ ಇರುತ್ತೆ. ತುಂಡು ಮಾಡಿ ಹೇರಿ, ಇಲ್ಲವಾದರೆ ದೊಡ್ಡ ಗಾಡಿಯಲ್ಲಿ ಕಳಿಸಿ.

ನೀರಿನ ಡ್ರಮ್ಮು: ಸಸಿಗೆ, ಔಷಧಿ ಹೊಡೆಯೋಕೆ ಬೆದ್ದಲು ಹೊಲಕ್ಕೆ ನೀರು ಒಯ್ಯುವವರು ಬಹಳ. 200 ಲೀಟರ್ ಅಂದರೆ 200 ಕಿಲೋ. ಹಗುರ ಟ್ರೈಲರಿಗೆ ಒಂದೇ ಡ್ರಮ್ಮು. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು. ಬ್ರೇಕ್ ಹಾಕಿದಾಗ ನೀರು ಮುಂದೆ, ಬಿಟ್ಟಾಗ ಹಿಂದೆ ನುಗ್ಗಿ ಮೂಕಿಯನ್ನು ಎತ್ತಿ ಇಳಿಸುತ್ತೆ. ತುಂಬಿದರೆ ಕಂಠಪೂರ್ತಿ ತುಂಬಿ ಮುಚ್ಚಳ ಹಾಕಿ.

ಕುರಿ, ಕರು: ನಿಂತ ಜಾಗದಲ್ಲಿ ನಿಲ್ಲದ ಹೇರು. ಗಿಡ್ಡ ಹಗ್ಗದಲ್ಲಿ ಮುಂದಕ್ಕೆ ಕಟ್ಟಿ, ಇನ್ನೂ ನಿಧಾನ ಹೋಗಿ.

ಜನ: ಬೇಡವೇ ಬೇಡ. ಕೂಲಿಯವರು, ಮದುವೆ ದಿಬ್ಬಣ, ಜಾತ್ರೆಗೆ ಹೊರಟ ಹೆಂಗಸರು ಮಕ್ಕಳು, ಹೀಗೆ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೋಗಿ ಮಗುಚಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಓದಿ ಓದಿ ನಮಗೆ ರೂಢಿಯಾಗಿಬಿಟ್ಟಿದೆ. ಕಾನೂನಿಗೂ ಅದು ವಿರುದ್ಧ. ಮೂಟೆಯ ಮೇಲೆ ಒಬ್ಬ ಹುಡುಗ ಕೂತರೂ ಇಳಿಸಿ, ಮುಂದೆ ಕೂರಿಸಿಕೊಳ್ಳಿ.

ದೀಪ, ಟೈರು, ಬೇರಿಂಗು

ಟ್ರೈಲರ್ ಕಟ್ಟಿದರೆ ಜೀಪಿನ ಹಿಂದಿನ ದೀಪ ಮರೆಯಾಗುತ್ತೆ. ಟ್ರೈಲರಿಗೆ ಕೆಂಪು ದೀಪ, ಬ್ರೇಕ್ ದೀಪ, ಎರಡೂ ಕಡೆ ಇಂಡಿಕೇಟರ್ ಬೇಕು. ಹಳೇ ಡೈನಮೋ ಹೆಚ್ಚು ಬಲ್ಬು ತಡೆಯೋದಿಲ್ಲ, ಎಲ್‌ಇಡಿ ದೀಪ ಹಾಕಿಸಿದರೆ ಕರೆಂಟು ಕಡಿಮೆ ಸಾಕು. ತೀರ ಹಳೇ ಜೀಪುಗಳಲ್ಲಿ 6 ವೋಲ್ಟಿನ ಬ್ಯಾಟರಿ ಇರುತ್ತೆ, ದೀಪ ಕೊಳ್ಳುವಾಗ ನೋಡಿ ಕೊಳ್ಳಿ. ಅರ್ತ್ ತಂತಿಯನ್ನು ಕೊಕ್ಕೆಯ ಮೂಲಕ ಬಿಡದೆ ಬೇರೆಯಾಗಿ ಎಳೆಸಿ. ಕೊಕ್ಕೆಯ ತುಕ್ಕು, ಗ್ರೀಸಿನಿಂದ ದೀಪ ಮಿಣುಕುತ್ತೆ. ಹಿಂದೆ ಮತ್ತು ಪಕ್ಕಕ್ಕೆ ಹೊಳೆಯುವ ಟೇಪು ಅಂಟಿಸಿ. ಏನೇ ಇದ್ದರೂ ಕತ್ತಲಾಗುವ ಮುಂಚೆ ಮನೆ ಸೇರೋದು ಒಳ್ಳೆಯದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಳೇ ವಾಹನ ಕಡಿಮೆ ಓಡೋದರಿಂದ ಹೂವು ಸವೆದಿರೋದಿಲ್ಲ, ರಬ್ಬರು ಮಾತ್ರ ಬಿಸಿಲಿಗೆ ಬಿರುಕು ಬಿಟ್ಟಿರುತ್ತೆ. ಹೂವನ್ನು ನೋಡಿ ಮೋಸ ಹೋಗಬೇಡಿ. ಒಂದೇ ಅಚ್ಚಿಗೆ ಒಂದು ರೇಡಿಯಲ್, ಒಂದು ನೈಲಾನ್ ಟೈರ್ ಹಾಕಬೇಡಿ.

ಟ್ರೈಲರಿನ ಗಾಲಿ ಎತ್ತಿ ಅಲ್ಲಾಡಿಸಿ ನೋಡಿ, ಲೊಡ ಲೊಡ ಅಂದರೆ ಬೇರಿಂಗ್ ಸಡಿಲ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಗಾಲಿಯ ನಡುಭಾಗದ ಹತ್ತಿರ ಅಂಗೈ ಒಡ್ಡಿ ನೋಡಿ. ಒಂದು ಗಾಲಿ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಗ್ರೀಸ್ ಒಣಗಿದೆ ಅಂತ ಅರ್ಥ.

ಇನ್ನೊಂದು ಈಗಿನ ವಿಷಯ. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿ ಮಾರ್ತಾರೆ. ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಪದರ ಅದಕ್ಕೆ ಮಾಡಿದ್ದಲ್ಲ, ಬೇಗ ಹಾಳಾಗಿ ಸೋರುತ್ತೆ. ಭಾರ ಎಳೆದು ಕಾದ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಪೈಪುಗಳನ್ನು ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಿಸಿ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರಿಗೂ ಬೇರೆ ನೋಂದಣಿ ಬೇಕು. ಅದರ ನಂಬರು ಅದರ ಪಕ್ಕದಲ್ಲಿ, ಎಳೆಯುವ ವಾಹನದ ನಂಬರು ಟ್ರೈಲರಿನ ಹಿಂದೆ ಇರಬೇಕು. ಆದ್ದರಿಂದ ಕಟ್ಟಿಸಿದ ಮೇಲೆ ಆರ್‌ಟಿಒ ಕಚೇರಿಗೆ ಹೋಗೋ ಬದಲು ಕಟ್ಟಿಸುವ ಮೊದಲೇ ಹೋಗಿ ಕೇಳಿ. ಯಾವ ಕಾಗದ ಬೇಕು, ನಿಮ್ಮ ವಾಹನಕ್ಕೆ ಕೊಕ್ಕೆ ಒಪ್ಪುತ್ತಾರೋ ಅಂತ ತಿಳಿದುಕೊಂಡು ಆಮೇಲೆ ಬೆಸುಗೆಯವನಿಗೆ ಮುಂಗಡ ಕೊಡಿ. ವಿಮೆಯಲ್ಲಿ ಟ್ರೈಲರನ್ನೂ ಬರೆಸಿ. ಸ್ವಂತದ ನೋಂದಣಿ ಇರುವ ವಾಹನದಲ್ಲಿ ಬೇರೆಯವರ ಮಾಲು ಬಾಡಿಗೆಗೆ ಸಾಗಿಸುವಂತಿಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಐವತ್ತು ವರ್ಷ ದಾಟಿದ ವಾಹನ ಇರುವವರು ಇದೊಂದನ್ನು ಗಮನವಿಟ್ಟು ಓದಿ. ಕೇಂದ್ರ ಸರ್ಕಾರ 2021ರಲ್ಲಿ 'ವಿಂಟೇಜ್' ವಾಹನಗಳಿಗೆ ಬೇರೆ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, 'ವಿಎ' ಅಕ್ಷರ ಇರುವ ನಂಬರು. ಹೆಸರು ಚೆನ್ನಾಗಿದೆ. ಆದರೆ ಆ ನಂಬರು ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸೋದು ಇಂಥ ಕೆಲಸಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ನು ಮೂಲ ಸ್ವರೂಪದಲ್ಲೇ ಇರಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದವರು ಹಳೇ ಕಾರುಗಳನ್ನು ಚೆಂದವಾಗಿ ಇಟ್ಟಿದ್ದಾರೆ. ಅಂಥ ನೋಡುವ ಕಾರಿಗೆ ಈ ನೋಂದಣಿ ಸರಿ. ರಾಗಿ ಸಾಗಿಸುವ ಜೀಪಿಗೆ ಯಾರೋ ಹೇಳಿದರು ಅಂತ ಇದನ್ನು ಮಾಡಿಸಿದರೆ ದುಡ್ಡೂ ಹೋಯಿತು, ಕೆಲಸವೂ ನಿಂತಿತು. ದುಡಿಯುವ ಹಳೇ ಜೀಪಿಗೆ ಮಾಮೂಲಿ ನವೀಕರಣವೇ ದಾರಿ.

ಹೊರಡುವ ಮುಂಚೆ ಐದು ನಿಮಿಷ

1. ಪಿನ್ನು, ಲಾಕು, ಎರಡು ಸರಪಳಿ.
2. ಮೂಕಿ ಕೈಯಲ್ಲಿ ಎತ್ತಿ ಭಾರ ನೋಡೋದು, ಊರುಗೋಲು ಮೇಲಕ್ಕೆ ಕಟ್ಟೋದು.
3. ಹೇರಿನ ಹಗ್ಗ.
4. ನಾಲ್ಕು ದೀಪ, ಒಬ್ಬರು ಹಿಂದೆ ನಿಂತು ನೋಡಲಿ.
5. ಆರೂ ಟೈರಿನ ಗಾಳಿ, ಗಾಲಿಯ ನಟ್ಟು.
6. ಬ್ರೇಕ್ ಎಣ್ಣೆ, ರೇಡಿಯೇಟರ್ ನೀರು.
7. ಹೊರಟು ಇಪ್ಪತ್ತು ಹೆಜ್ಜೆಯಲ್ಲೇ ಒಂದು ಸಲ ಬ್ರೇಕ್ ಒತ್ತಿ ನೋಡೋದು.
8. ಎರಡು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿಯೋದು. ಮೊದಲ ಕುಲುಕಾಟಕ್ಕೆ ಹೇರು ಕೂತು ಹಗ್ಗ ಸಡಿಲವಾಗಿರುತ್ತೆ.

ಹಳೇ ವಾಹನ ನಮ್ಮ ಮಾತು ಕೇಳುತ್ತೆ, ನಾವು ಅದರ ವಯಸ್ಸಿಗೆ ತಕ್ಕ ಕೆಲಸ ಕೊಟ್ಟರೆ. ಮುದಿ ಎತ್ತಿಗೆ ಎಳೆ ಹೋರಿಯ ಹೇರು ಯಾರೂ ಹೇರುತ್ತಿರಲಿಲ್ಲ. ನಾಲ್ಕು ಮೂಟೆ ಹೇರಿ, 40ರಲ್ಲಿ ಹೋಗಿ, ಬೆಳಕಿರುವಾಗಲೇ ಮನೆಗೆ ಬನ್ನಿ. ನಿಮ್ಮ ಕಡೆ ಇಂಥ ಟ್ರೈಲರ್ ಮಾಡಿಸಿ ಬಳಸುತ್ತಿರುವವರು ಖಾಲಿ ತೂಕ, ಅಚ್ಚಿನಿಂದ ಕೊಕ್ಕೆಯವರೆಗಿನ ಅಳತೆ, ಹೆಜ್ಜೆ ಪರೀಕ್ಷೆಯ ಲೆಕ್ಕ ಇಷ್ಟನ್ನು ಪತ್ರಿಕೆಗೆ ಬರೆಯಿರಿ. ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತೆ.